ವಸಂತ ಮೀಸೆ ಬಿಟ್ಟ ವರ್ಷ

ನಾಟಕ ಆಡಿಸುವ ಮನೆಯಲ್ಲಿ ಒಂದು ಕೆಟ್ಟದ್ದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಕೆಟ್ಟಿರುತ್ತದೆ. ಊರು ಅದನ್ನು ನೋಡಿ ನಗುತ್ತದೆ, ನಾನು ಕೂತು ಬರೆದಿಡುತ್ತೇನೆ. ನಗುವ ಕೆಲಸ ಊರಿನದು, ದಣಿಯುವ ಕೆಲಸ ನನ್ನದು.

ಜಹೀರಾಬಾದಿನ ನಮ್ಮ ಓಣಿಯಲ್ಲಿ ಕನ್ನಡದ ಮನೆಗಳು ಬಹಳ ಇಲ್ಲ. ರಾಜ್ಯಗಳನ್ನು ಹಂಚಿದಾಗ ಬೀದರ ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಉಳಿದವರು ಸುಮ್ಮನೆ ಕೂರಬಾರದೆಂದು ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಸಂಜೆ ಕಾಮದಹನದ ನಾಟಕ ಆಡುತ್ತ ಬಂದೆವು. ಕಥೆ ಗೊತ್ತಿರುವುದೇ. ತಪಸ್ಸಿಗೆ ಕೂತ ಶಿವನ ಮೇಲೆ ಕಾಮ ಹೂವಿನ ಬಾಣ ಬಿಡುತ್ತಾನೆ. ಶಿವ ಮೂರನೆಯ ಕಣ್ಣು ತೆರೆದು ಅವನನ್ನು ಸುಡುತ್ತಾನೆ. ಕಾಮನ ಹೆಂಡತಿ ರತಿ ಅತ್ತು ಕರೆದು ಗಂಡನನ್ನು ವರವಾಗಿ ಪಡೆಯುತ್ತಾಳೆ. ನಾಟಕ ಮುಗಿದ ಮೇಲೆ ಬಯಲಿನಲ್ಲಿ ಕಟ್ಟಿಗೆ ಒಟ್ಟಿ ಕಾಮಣ್ಣನನ್ನು ಸುಡುತ್ತೇವೆ.

ನಾನು ಹೈದರಾಬಾದಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡಿದವಳು. ಓಣಿಯಲ್ಲಿ ಆಗ ಬಿ.ಎ. ಆದ ಹೆಂಗಸು ನಾನೊಬ್ಬಳೇ. ಆದ್ದರಿಂದ ಸೆಕ್ರೆಟರಿಯೂ ನಾನೇ, ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವವಳೂ ನಾನೇ, ಕಿರೀಟ ಮುರಿದರೆ ಅಂಬಲಿ ಹಚ್ಚಿ ಅಂಟಿಸುವವಳೂ ನಾನೇ. ವಿದ್ಯೆಯ ಉಪಯೋಗ ಇಷ್ಟು.

ಯಾವ ಕಡೆಯ ಸಂಬಂಧ

ನನ್ನ ಮೈದುನ ತಾಂಡೂರಿನಲ್ಲಿ ಶಾಲೆಯ ಮಾಸ್ತರ. ಒಂದು ದಸರೆಗೆ ಅವನು ರಜೆಯ ಮೇಲೆ ಬಂದಾಗ ಜೊತೆಗೆ ಇನ್ನೊಬ್ಬ ಹುಡುಗನೂ ಬಂದ. ತಾಂಡೂರಿನಲ್ಲೇ ನೆಲಕ್ಕೆ ಹಾಸುವ ಕಲ್ಲಿನ ಡಿಪೋದಲ್ಲಿ ಕಲ್ಲು ಅಳೆಯುವ ಕೆಲಸ ಅವನದು. ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ. ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು.

ನಮ್ಮ ಅತ್ತೆಯವರು ಮನೆಗೆ ಬಂದ ಯಾರನ್ನೂ ಸಂಬಂಧ ಕೇಳದೆ ಕೂರಿಸುವವರಲ್ಲ. ತಂಬಿಗೆ ನೀರು ಕೈಗೆ ಕೊಡುತ್ತಲೇ ಕೇಳಿದರು.

"ನೀ ಅವಗ ಏನಾಗಬೇಕು?"

ಹುಡುಗ ಮೈದುನನ ಕಡೆ ನೋಡಿದ. ಮೈದುನ ತೊಲೆಯ ಕಡೆ ನೋಡಿದ.

"ರೂಮ್ ಪಾರ್ಟ್ನರ್ ರಿ ಯವ್ವಾ."

"ಹಂಗಂದ್ರ ಯಾವ ಕಡಿ ಸಂಬಂಧ? ತಾಯಿ ಕಡಿಯೋ, ತಂದಿ ಕಡಿಯೋ?"

ಹುಡುಗ ಸ್ವಲ್ಪ ಯೋಚನೆ ಮಾಡಿ ಹೇಳಿದ, "ಬಾಡಿಗಿ ಕಡಿ ರಿ."

ಅತ್ತೆಯವರು ತಲೆ ಆಡಿಸಿದರು. ಅಂಥದೊಂದು ಸಂಬಂಧ ನಮ್ಮ ಬಳಗದಲ್ಲಿ ಮೊದಲು ಇರಲಿಲ್ಲ. ಆದರೂ ರೊಟ್ಟಿ ಬಡಿಸುವಾಗ ಅವನಿಗೆ ಬೆಣ್ಣೆ ಒಂದು ಉಂಡೆ ಹೆಚ್ಚೇ ಬಿತ್ತು. ಬಾಡಿಗೆ ಕಡೆಯವರನ್ನು ಹೇಗೆ ಉಪಚರಿಸಬೇಕೆಂದು ಗೊತ್ತಾಗದೆ ಅಳಿಯನ ಲೆಕ್ಕದಲ್ಲಿ ಬಡಿಸಿದೆ ಅಂತ ಆಮೇಲೆ ನನಗೆ ಹೇಳಿದರು.

ಬೂದಿಯಾದವನ ಹೊಗೆ

ಆ ಮುಂದಿನ ಹೋಳಿಯಿಂದ ಮೈದುನ ಕಾಮನಾದ, ಅವನ ಗೆಳೆಯ ರತಿಯಾದ. ನಮ್ಮಲ್ಲಿ ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಮಾಡುವುದು. ಆ ಹುಡುಗ ರತಿಯಾಗಿ ಅತ್ತರೆ ಮುಂದೆ ಕೂತ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಶಿವನ ಪಾತ್ರ ಬಸ್ ಕಂಡಕ್ಟರನದು. ಅವನ ದನಿ ಹಿಂದಿನ ಸೀಟಿನವರೆಗೂ ಮುಟ್ಟುತ್ತಿತ್ತು. ಒಂದೇ ತೊಂದರೆ. ಡ್ಯೂಟಿ ಮುಗಿಸಿ ನೇರ ಬಂದು ತಪಸ್ಸಿಗೆ ಕೂತರೆ ನಿಜವಾಗಿ ನಿದ್ದೆ ಹೋಗುತ್ತಿದ್ದ. ಒಂದು ವರ್ಷ ಕಾಮನ ಬಾಣ ಮೂಗಿಗೆ ತಾಗಿ ಎಚ್ಚರವಾದಾಗ ಶಿವ ಕಣ್ಣುಜ್ಜಿಕೊಂಡು, "ತಾಂಡೂರ್ ಇಳಿಯೋರು ಮುಂದ ಬರ್ರಿ" ಅಂದ. ತಾಂಡೂರಿಗೆ ಹೋಗಬೇಕಾಗಿದ್ದ ಕಾಮ ಎರಡು ಹೆಜ್ಜೆ ಮುಂದೆ ಬಂದದ್ದೂ ನಿಜ.

ಇದಕ್ಕಿಂತ ದೊಡ್ಡ ತೊಂದರೆ ನಮ್ಮ ಅತ್ತೆಯವರು. ಮುಂದಿನ ಚಾಪೆಯಲ್ಲಿ ನಡುವೆ ಕೂರುವರು. ರಂಗದ ಮೇಲೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇರುವುದು ಅವರ ಪ್ರಕಾರ ಮರ್ಯಾದೆಯಲ್ಲ. ಇಂದ್ರ ಬಂದು "ಇಲ್ಲಿ ಯಾರಿದ್ದೀರಿ?" ಅಂದರೆ, "ನಾವೇ ಅದೀವಿ, ಬಾ" ಅನ್ನುವರು. ನಾನು ಎಷ್ಟೋ ಹೇಳಿದೆ. "ಅತ್ತಿ, ಅದು ನಾಟಕ ರಿ. ನಿಮಗ ಕೇಳೋದಲ್ಲ." ಅವರದು ಒಂದೇ ಮಾತು: "ನನ್ನ ಮಾರಿ ನೋಡೇ ಕೇಳ್ತಾರಲ್ಲ."

ಇನ್ನೊಂದು ವರ್ಷ ಕಾಮ ಸುಟ್ಟುಹೋಗಿದ್ದ. ರತಿ ಕೂದಲು ಬಿಚ್ಚಿ ಹರಡಿಕೊಂಡು ಜನರ ಮುಂದೆ ನಿಂತು ಕೇಳಿದಳು. "ಅಯ್ಯೋ, ನನ್ನ ಪ್ರಾಣಕಾಂತನನ್ನು ಯಾರಾದರೂ ಕಂಡಿರಾ?"

ಅತ್ತೆಯವರು ಪರದೆಯ ಕಡೆ ಬೆರಳು ಮಾಡಿ ಹೇಳಿದರು. "ಹಿಂದ ಬೀಡಿ ಸೇದಾಕ ಹೋಗ್ಯಾನ ನೋಡು."

ಎಲ್ಲರೂ ಆ ಕಡೆ ನೋಡಿದರು. ಸುಟ್ಟು ಬೂದಿಯಾದವನ ಹೊಗೆ ಪರದೆಯ ಮೇಲಿಂದ ಸುರುಳಿ ಸುರುಳಿಯಾಗಿ ಏಳುತ್ತಿತ್ತು.

ನಾರಾಯಣಖೇಡದಿಂದ ಬಂದವರು

ಹೀಗೆ ಕೆಲವು ವರ್ಷ ನಡೆಯಿತು. ಮೈದುನನಿಗೆ ಮದುವೆಯ ವಯಸ್ಸು ಬಂದು, ಮೀರತೊಡಗಿತು. ಅವನು ಬೇಡ ಅನ್ನುವನು. ಅತ್ತೆಯವರು ಯಾಕೆ ಅನ್ನುವರು. ಅವನು ತಾಂಡೂರಿನ ಬಸ್ ಹತ್ತುವನು. ನನಗೆ ಗೊತ್ತಿತ್ತು. ನನ್ನ ಯಜಮಾನರಿಗೂ ಗೊತ್ತಿತ್ತು. ಹೆಸರಿಡದ ಸಂಗತಿಯನ್ನು ಗೊತ್ತಿಲ್ಲವೆಂದು ನಡೆಸಿಕೊಂಡು ಹೋಗುವುದು ಮನೆಗಳಲ್ಲಿ ಕಷ್ಟವೇನಲ್ಲ.

ಕೊನೆಗೆ ಅತ್ತೆಯವರು ಯಾರನ್ನೂ ಕೇಳದೆ ನಾರಾಯಣಖೇಡದ ಕಡೆಯ ಒಂದು ಮನೆತನಕ್ಕೆ ಹೇಳಿಕಳಿಸಿದರು. ಸಂಕ್ರಾಂತಿ ಕಳೆದ ಒಂದು ಭಾನುವಾರ ಹುಡುಗಿಯ ಕಡೆಯವರು ವರನ ಮನೆ ನೋಡಲು ಬಂದರು. ಮಾತಾಡುವ ಹೊಣೆ ಹುಡುಗಿಯ ಅಜ್ಜಿಯದು. ದಪ್ಪ ಕನ್ನಡಕ, ಮಡಿಲಲ್ಲಿ ಎಲೆಅಡಿಕೆಯ ಚೀಲ. ಮೈದುನ ಕುರ್ಚಿಯ ಮೇಲೆ ಕೂತ. ಅವನ ಗೆಳೆಯ ಅಡುಗೆಮನೆಯ ಬಾಗಿಲಲ್ಲಿ ನಿಂತ.

ಅಜ್ಜಿ ಕೇಳಿದರು, "ತಾಂಡೂರಾಗ ಊಟಕ್ಕ ಹೆಂಗ ಮಾಡ್ತೀಪಾ? ಖಾನಾವಳಿ ಏನು?"

"ಇಲ್ಲರಿ. ರೊಟ್ಟಿ ಇವ ಬಡಿತಾನ."

"ಅರಿವಿ ಒಗಿಯೋದು?"

"ಇವ ರಿ."

"ಜಡ್ಡುಜಾಪತ್ರಿ ಬಂದ್ರ?"

ಮೈದುನ ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಉತ್ತರ ಬಂತು. "ಹೋದ ಮಳಿಗಾಲದಾಗ ಮಲೇರಿಯಾ ಬಂದಿತ್ತು ರಿ ಇವರಿಗೆ. ಗುಳಗಿ ಕಹಿ ಅಂತ ಉಗಳ್ತಾರ. ಬೆಲ್ಲದಾಗ ಇಟ್ಟು ಕೊಡಬೇಕು."

ಅಷ್ಟರಲ್ಲಿ ನಾನು ಚಹಾ ತಂದೆ. ಮೈದುನ ಕಪ್ಪು ಎತ್ತಿಕೊಂಡ. ಆ ಹುಡುಗ ಎರಡು ಹೆಜ್ಜೆಯಲ್ಲಿ ಬಂದು ಕಪ್ಪು ಇಸಿದುಕೊಂಡು ಬೇರೆಯದು ಕೊಟ್ಟ. "ಇದರಾಗ ಸಕ್ಕರಿ ಜಾಸ್ತಿ ಅದ. ಇವರಿಗೆ ಆಗಂಗಿಲ್ಲ."

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಇಬ್ಬರನ್ನೂ ಒಂದು ಸುತ್ತು ನೋಡಿದರು. ಚಹಾ ಮುಗಿಸಿ, ಎಲೆಯನ್ನು ಮಡಿಚಿ ಬಾಯಿಗಿಟ್ಟು, ಏಳುತ್ತ ನಮ್ಮ ಅತ್ತೆಗೆ ಹೇಳಿದರು.

"ತಂಗಿ, ಈ ಮನಿಗೆ ಸೊಸಿ ಮೊದಲೇ ಬಂದಾಳಲ್ಲ. ನಮ್ಮ ಹುಡುಗಿ ಬಂದು ಏನು ಮಾಡಬೇಕು?"

ಅವರು ನಗುತ್ತಲೇ ಹೋದರು. ನಮ್ಮ ಅತ್ತೆಯವರು ನಗಲಿಲ್ಲ. ಟ್ರಂಕು ತೆರೆದು, ಸಣ್ಣ ಸೊಸೆಗೆಂದು ಎಷ್ಟೋ ವರ್ಷದ ಹಿಂದೆ ತೆಗೆದಿಟ್ಟಿದ್ದ ಹಸಿರು ನಾರಾಯಣಪೇಟ ಸೀರೆಯನ್ನು ಹೊರಗೆ ತಂದು ಎಲ್ಲರ ಮುಂದೆ ಹಾಸಿಗೆಯ ಮೇಲೆ ಇಟ್ಟರು.

"ಯುಗಾದಿ ಮುಗಿಯೋದರಾಗ ಈ ಸೀರಿ ಯಾರರೇ ಉಡಬೇಕು. ಯಾರು ಅನ್ನೋದು ನನಗ ಬ್ಯಾಡ. ಉಡಬೇಕು."

ಈ ಮಾತನ್ನು ಅವರು ಆಮೇಲೆ ಎಂದೂ ಹಿಂದೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ಓದುವವರು ನೆನಪಿಡಬೇಕು.

ಮೀಸೆ

ಹೋಳಿಗೆ ಸ್ವಲ್ಪ ಮೊದಲು ತಾಂಡೂರಿನಿಂದ ಇಬ್ಬರೂ ತಾಲೀಮಿಗೆ ಬಂದರು. ರತಿಗೆ ಮೀಸೆ ಬಂದಿತ್ತು. ಚಿಗುರಲ್ಲ, ಬೆಳೆದದ್ದು.

"ಇದೇನಪಾ?" ಅಂದೆ.

"ವೈನಿ, ಈ ಸಲ ರತಿ ಬ್ಯಾಡ ರಿ. ಕಾಮನ ಜೋಡಿ ವಸಂತ ಅಂತ ಒಬ್ಬ ಗೆಳ್ಯಾ ಇರ್ತಾನಲ್ಲ. ಎರಡನೇ ಪ್ರವೇಶದಾಗ ಬಂದು ಹೂ ಅರಳಿಸ್ತಾನ, ಆಮ್ಯಾಲ ಕಾಣಂಗೇ ಇಲ್ಲ. ಕಾಮ ಸುಟ್ಟಾಗ ಅವ ಎಲ್ಲಿದ್ದ ಅಂತ ಯಾರೂ ಕೇಳಿಲ್ಲ. ಈ ಸಲ ನಾ ವಸಂತ ಆಗ್ತೀನಿ. ರತಿ ಅಳೋ ಜಾಗಾದಾಗ ವಸಂತ ಅಳ್ತಾನ."

"ಯಾಕ, ಸೀರಿ ಉಟ್ಟು ಸಾಕಾತೇನು?"

"ಸೀರಿದೇನಿಲ್ಲ ರಿ. ಸೋಲಾಪುರದಾಗ ಒಂದು ಕಲ್ಲಿನ ಡಿಪೋದಾಗ ಕೆಲಸ ಸಿಕ್ಕದ. ಹೋಳಿ ಮರುದಿನ ಹೋಗಾಂವ ಇದೀನಿ. ಇಲ್ಲಿ ನಾ ಇರೋತನಕ ಇವರ ಮದುವಿ ಆಗಂಗಿಲ್ಲ, ಯವ್ವ ನನ್ನಿಂದ ಹೈರಾಣ ಆಗ್ಯಾರ. ಹೋಗೋಕ್ಕಿಂತ ಮೊದಲು ಒಮ್ಮೆರೆ ನನ್ನ ಮಾರಿಲೇ ಅಳಬೇಕು ಅನಸ್ತದ."

ಮೈದುನ ಪಕ್ಕದಲ್ಲೇ ಕೂತು ಬಾಣಕ್ಕೆ ಕಾಗದದ ಹೂವು ಅಂಟಿಸುತ್ತಿದ್ದ. ಒಂದೇ ಬಾಣಕ್ಕೆ ಅಂಟು ಹಚ್ಚಿ ಹಚ್ಚಿ ಅದು ಅವನ ಬೆರಳಿಗೇ ಅಂಟಿತ್ತು. ಬಿಡಿಸಿಕೊಳ್ಳುವುದನ್ನೂ ಮರೆತು ಕೂತಿದ್ದ.

ಬಿ.ಎ.ಯಲ್ಲಿ ನನಗೆ ಇಂಥದಕ್ಕೆ ಉತ್ತರ ಕಲಿಸಿರಲಿಲ್ಲ. ಉತ್ತರ ಇಲ್ಲದಾಗ ಎಲ್ಲ ಸೆಕ್ರೆಟರಿಗಳೂ ಮಾಡುವುದನ್ನೇ ನಾನೂ ಮಾಡಿದೆ. ಮೀಟಿಂಗ್ ಕರೆದೆ.

ಮಾಸ್ತರರ ಶಾಸ್ತ್ರ

ನಾಟಕ ಬರೆದವರು ಓಣಿಯ ನಿವೃತ್ತ ಮಾಸ್ತರರು. ವಿಷಯ ಕೇಳಿ ಅವರ ಕಿವಿ ಕೆಂಪಾದವು.

"ಶಾಸ್ತ್ರದಾಗ ಇಲ್ಲವ್ವಾ. ಗಂಡನ ಸಲುವಾಗಿ ಹೆಂಡ್ತಿ ಅಳಬೇಕು."

"ಶಾಸ್ತ್ರದಾಗ ವಸಂತ ಕಾಮನ ಜೋಡಿ ಹೋದದ್ದು ಅದ, ಮಾಸ್ತರ್. ವಾಪಸ್ ಬಂದದ್ದು ನೀವೂ ಬರೆದಿಲ್ಲ. ಅವ ಎಲ್ಲಿ ಹೋದ?" ಅಂದೆ ನಾನು.

ಮಾಸ್ತರರು ಕಂಡಕ್ಟರನ ಕಡೆ ತಿರುಗಿದರು. "ನೀ ಈಶ್ವರ. ನೀ ಹೇಳು."

ಕಂಡಕ್ಟರ ಆಕಳಿಸಿದ. "ನಾ ಸುಡೋದು ಬದಲಿಲ್ಲ ಅಲ್ರಿ? ಸುಟ್ಟ ಮ್ಯಾಲ ಯಾರು ಅಳ್ತಾರ ಅನ್ನೋದು ನನ್ನ ಡ್ಯೂಟಿ ಅಲ್ಲ."

"ಗಂಡಸು ಗಂಡಸಿನ ಸಲುವಾಗಿ ಎದಿ ಬಡ್ಕೊಂಡು ಅತ್ರ ಊರು ನಗ್ತದ," ಅಂದರು ಮಾಸ್ತರರು.

"ಇಷ್ಟು ವರ್ಷ ಅತ್ತಾಂವ ಇವನೇ ಅಲ್ರಿ. ಸೀರಿ ಉಟ್ಟು ಅತ್ತಾಗ ಊರು ಕೂಡೇ ಅತ್ತದ. ಅದೇ ಹುಡುಗ, ಅದೇ ಅಳು. ಧೋತರ ಉಟ್ಟ ಕೂಡಲೇ ನಗು ಬರ್ತದೇನು?" ಅಂದೆ.

ಮಾಸ್ತರರು ನಾಟಕದ ವಹಿಯ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಮನಸ್ಸಿನಲ್ಲಿ ದೊಡ್ಡ ಧರ್ಮಸಂಕಟ ನಡೆದಿದೆ ಅಂದುಕೊಂಡೆ.

"ನನ್ನ ವಿಲಾಪದ ಪದ್ಯ ತಗೀತೀಯೇನವ್ವಾ?" ಅಂದರು ಕೊನೆಗೆ.

"ಇಲ್ಲರಿ. ಇರ್ತದ."

"ಪೂರಾ?"

"ಪೂರಾ."

"'ಪ್ರಾಣಕಾಂತಾ' ಅನ್ನೋ ಸಾಲು? ಅದು ಬದಲಿಸಿದ್ರ ಪ್ರಾಸ ಕೆಡ್ತದ."

"ಅದೂ ಇರ್ತದ ರಿ."

ಮಾಸ್ತರರು ಶಲ್ಯ ಹೊದ್ದುಕೊಂಡು ಎದ್ದರು. "ಹಂಗಿದ್ರ ಶಾಸ್ತ್ರದ್ದು ಏನದ ಬಿಡು. ಯಾರರೇ ಅಳ್ಲಿ."

ಕೊನೆಯ ಪ್ರವೇಶವನ್ನು ನಾನೇ ಬರೆದುಕೊಟ್ಟೆ. ಕಾಮನನ್ನು ಮರಳಿ ಕೊಡು ಎಂದು ವಸಂತ ಬೇಡುತ್ತಾನೆ. ಶಿವ ಕೇಳುತ್ತಾನೆ, "ನೀನು ಅವನಿಗೆ ಏನಾಗಬೇಕು?" ವಸಂತನ ಉತ್ತರ ಒಂದೇ ಸಾಲು: "ನಾನು ಅವನ ಜೊತೆಯವನು, ಮಹಾದೇವಾ." ಅದನ್ನು ಕೇಳಿ ಶಿವ ಒಂದು ಉದ್ದನೆಯ ಪದ್ಯ ಹಾಡಿ ವರ ಕೊಡುತ್ತಾನೆ. ಆ ಪದ್ಯವೂ ಮಾಸ್ತರರದೇ. ಉತ್ತರದ ಸಾಲು ಮಾತ್ರ ನನ್ನದು. ಇಷ್ಟು ಸಣ್ಣ ಸಾಲನ್ನು ಯಾರೂ ಮರೆಯಲಾರರು ಎಂಬ ಧೈರ್ಯ ನನಗಿತ್ತು.

ಕೈಲಾಸದ ಕಳವು

ನಮ್ಮಲ್ಲಿ ಕಾಮಣ್ಣನನ್ನು ಸುಡುವ ಕಟ್ಟಿಗೆಯನ್ನು ಕದ್ದೇ ತರಬೇಕು. ಓಣಿಯ ಹುಡುಗರಿಗೆ ಅದು ಹಬ್ಬದ ಹಕ್ಕು. ಒಮ್ಮೆ ಕಾಮಣ್ಣನ ರಾಶಿಯ ಮೇಲೆ ಇಟ್ಟ ಕಟ್ಟಿಗೆಯನ್ನು ಬ್ರಹ್ಮ ಬಂದರೂ ಇಳಿಸುವ ಹಾಗಿಲ್ಲ.

ಹೋಳಿಯ ಬೆಳಿಗ್ಗೆ ಅಂಗಳಕ್ಕೆ ಬಂದು ನೋಡಿದರೆ ನಮ್ಮ ಕೈಲಾಸ ಇರಲಿಲ್ಲ. ಕೈಲಾಸವೆಂದರೆ ಹಗ್ಗ ಹೆಣೆದ ಒಂದು ಹಳೆಯ ಹೊರಸು, ಎರಡು ಬೆಂಚು, ಅವುಗಳ ಮೇಲೆ ಹಿಮವೆಂದು ಅಂಟಿಸಿದ ಹತ್ತಿ. ವಸಂತನಿಗೆಂದು ಹಸಿರು ಬಣ್ಣ ಅದ್ದಿಸಿದ ಧೋತರವನ್ನೂ ಆ ಹೊರಸಿಗೇ ಗಂಟುಹಾಕಿ ಇಟ್ಟಿದ್ದೆ.

ಬಯಲಿಗೆ ಓಡಿದೆ. ಕಟ್ಟಿಗೆಯ ರಾಶಿಯ ತುದಿಯಲ್ಲಿ ಹಿಮಾಲಯ ಬೆಳ್ಳಗೆ ಕಾಣುತ್ತಿತ್ತು. ಹುಡುಗರು ಅದನ್ನು ಇನ್ನೂ ಸರಿಯಾಗಿ ಕೂರಿಸುತ್ತಿದ್ದರು.

"ಇಳಸ್ರೋ ಅದನ್ನ. ಸಂಜಿಗೆ ನಾಟಕ ಅದ," ಅಂದೆ.

ರಾಶಿಯ ಆ ಕಡೆಯಿಂದ ಒಂದು ದೊಡ್ಡ ದನಿ ಬಂತು. "ಕಾಮಣ್ಣನ ಮ್ಯಾಲ ಇಟ್ಟದ್ದು ಇಳಸಂಗಿಲ್ಲ. ಪದ್ಧತಿ ಅಂದ್ರ ಪದ್ಧತಿ."

ನಾನು ಸುತ್ತಿ ಹೋಗಿ ನೋಡಿದೆ. ಹೊರಸಿನ ಇನ್ನೊಂದು ಕಾಲು ಹಿಡಿದು ಮೇಲಕ್ಕೆ ನೂಕುತ್ತಿದ್ದವರು ನನ್ನ ಯಜಮಾನರು.

ಈಶ್ವರನ ಪ್ರಶ್ನೆ

ಎದುರಿಗೆ ಹೊಸ ಮನೆ ಕಟ್ಟುತ್ತಿದ್ದರು. ಅವರ ಅಂಗಳದಲ್ಲಿ ತಾಂಡೂರಿನ ಹಾಸುಗಲ್ಲು ಬಿದ್ದಿದ್ದವು. ಮೈದುನನ ಗೆಳೆಯ ಮಾಲಕರನ್ನು ಕೇಳಿಕೊಂಡು, ನಾಲ್ಕು ಜನರನ್ನು ಕೂಡಿಸಿ ಅವನ್ನು ತಂದು ಒಂದರ ಮೇಲೊಂದು ಹೊಂದಿಸಿ ಕೈಲಾಸ ಕಟ್ಟಿದ. ಸುಡಲಾಗದ ಕೈಲಾಸ ಅಂತ ನಾವೆಲ್ಲ ಹೆಮ್ಮೆಪಟ್ಟೆವು. ದಿನವೆಲ್ಲ ಬಿಸಿಲಿಗೆ ಬಿದ್ದ ಕಲ್ಲು ಸಂಜೆಗೂ ಹಂಚಿನ ಹಾಗೆ ಕಾದಿರುತ್ತದೆ ಎಂಬುದು ಅದರ ಮೇಲೆ ಕೂತ ಶಿವನಿಗೆ ಮೊದಲು ತಿಳಿಯಿತು.

ವಸಂತನ ಬಟ್ಟೆಯ ಚಿಂತೆ ಉಳಿದಿತ್ತು. ಪರದೆ ಏಳುವ ಹೊತ್ತಿಗೆ ಅವನು ಹಸಿರು ಉಟ್ಟು, ಕಚ್ಚೆ ಹಾಕಿ, ಮೀಸೆಗೆ ಎಣ್ಣೆ ಹಚ್ಚಿ ನಿಂತಿದ್ದ. ನಾನು ಅಂಚು ನೋಡಿದೆ. ಅತ್ತೆಯವರ ಟ್ರಂಕಿನ ನಾರಾಯಣಪೇಟ ಸೀರೆ. ಮೈದುನನ ಕಡೆ ತಿರುಗಿದೆ.

"ಬ್ಯಾರೆ ಹಸರು ಸಿಗಲಿಲ್ಲ ವೈನಿ," ಅಂದ.

ಅತ್ತೆಯವರು ಮುಂದಿನ ಚಾಪೆಯಲ್ಲಿ, ನಡುವೆ, ಪೆಟ್ರೋಮ್ಯಾಕ್ಸ್ ದೀಪದ ನೇರಕ್ಕೆ ಕೂತಿದ್ದರು. ಆ ಕ್ಷಣದಿಂದ ನನಗೆ ನಾಟಕ ಕಾಣಲಿಲ್ಲ, ಅವರ ಮುಖ ಮಾತ್ರ ಕಂಡಿತು. ಅವರ ಕಣ್ಣು ಸೀರೆಯ ಅಂಚಿನ ಮೇಲೆ ನಿಂತಿತ್ತು. ಹುಬ್ಬು ಏರಿತು, ಇಳಿಯಲಿಲ್ಲ.

ಕಾಮ ಬಾಣ ತೆಗೆಯುವಷ್ಟರಲ್ಲೇ ಶಿವ ಒಮ್ಮೆ ಎದ್ದು ಮತ್ತೆ ಕೂತ. ಹೂಬಾಣ ಬೀಳುವ ಮೊದಲೇ ಶಿವನ ತಪಸ್ಸು ಕೆಟ್ಟದ್ದು ಆ ವರ್ಷ ಮಾತ್ರ. ಆದರೂ ಕಣ್ಣು ತೆರೆದ, ಕಾಮ ಸುಟ್ಟು ಪರದೆಯ ಹಿಂದೆ ಬಿದ್ದ. ಬೀಡಿ ಹಚ್ಚಬೇಡ ಎಂದು ಮೊದಲೇ ಹೇಳಿಟ್ಟಿದ್ದೆ. ಅವನು ಹಚ್ಚಲಿಲ್ಲ. ಪರದೆಯ ಸಂದಿಯಿಂದ ರಂಗದ ಕಡೆಯೇ ನೋಡುತ್ತ ಕೂತ.

ವಸಂತ ಅತ್ತ. ಮಾಸ್ತರರ ಪದ್ಯವನ್ನು ಒಂದಕ್ಷರ ಬಿಡದೆ ಹಾಡಿದ. "ಪ್ರಾಣಕಾಂತಾ" ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಗಲು ಶುರುಮಾಡಿದರು. ಎರಡನೆಯ ಸಲ ಬಂದಾಗ ಆ ನಗು ನಿಂತುಹೋಗಿತ್ತು. ಹೆಂಗಸರ ಸೆರಗುಗಳು ಮೊದಲಿನ ವರ್ಷಗಳ ಹಾಗೆಯೇ ಕಣ್ಣಿಗೆ ಹೋದವು.

ಶಿವ ಬಿಸಿಗಲ್ಲಿನ ಮೇಲೆ ಪಕ್ಕ ಬದಲಿಸುತ್ತ ಕೇಳಿದ. "ನೀನು ಅವನಿಗೆ ಏನಾಗಬೇಕು?"

ವಸಂತ ಬಾಯಿ ತೆರೆದ. ಮಾತು ಬರಲಿಲ್ಲ.

ನಾನು ಪರದೆಯ ಹಿಂದಿನಿಂದ ಮೆಲ್ಲಗೆ ಹೇಳಿದೆ, "ನಾನು ಅವನ ಜೊತೆಯವನು." ಅವನು ಹೇಳಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ. ಮೂರನೆಯ ಸಾಲಿನವರಿಗೂ ಕೇಳಿಸಿತು, ಅವನಿಗೆ ಕೇಳಿಸಲಿಲ್ಲ. ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ನೆಲ ನೋಡುತ್ತ ನಿಂತುಬಿಟ್ಟ. ಪಾತ್ರದ ಕಣ್ಣೀರು ಯಾವುದು, ಅವನದು ಯಾವುದು ಎಂದು ಇಷ್ಟು ವರ್ಷ ನೋಡಿದ ನನಗೆ ತಿಳಿಯುತ್ತಿತ್ತು.

ಶಿವನಿಗೆ ಕಾಯಲು ಆಗುವ ಸ್ಥಿತಿ ಇರಲಿಲ್ಲ. "ಅಲ್ಲೋ, ಕೇಳ್ಲಿಕತ್ತೀನಿ. ನೀ ಅವಗ ಏನಾಗಬೇಕು? ಲಗೂ ಹೇಳು."

ಮುಂದಿನ ಚಾಪೆಯಿಂದ ಅತ್ತೆಯವರು ಎದ್ದು ನಿಂತರು.

"ಏ ಈಶ್ವರಾ, ಅವಗ್ಯಾಕ ಸತಾಯಸ್ತೀ? ನಾ ಹೇಳ್ತೀನಿ ಕೇಳು. ನಾನೂ ಅವಗ ಇದನ್ನೇ ಕೇಳಿದ್ದೆ. ಬಾಡಿಗಿ ಕಡಿ ಅಂದಿದ್ದ. ಬಾಡಿಗಿ ಕಡಿ ಅಲ್ಲ, ಮನಿ ಕಡಿ. ನನ್ನ ಮಗಗ ಬೆಲ್ಲದಾಗ ಗುಳಗಿ ಇಟ್ಟು ಕೊಡಾಂವ ಅವ. ನನ್ನ ಮನ್ಯಾಂವ. ಸುಮ್ಮ ಎಬ್ಬಿಸಿ ಕೊಡು ಅವನ್ನ."

ಶಿವ "ತಥಾಸ್ತು" ಅಂದವನೇ ಕೈಲಾಸದಿಂದ ಕೆಳಗೆ ಹಾರಿ, ಹಿಂದೆ ಕೈ ಇಟ್ಟುಕೊಂಡು ಪರದೆಯ ಒಳಗೆ ಓಡಿದ. ಮಾಸ್ತರರು ಎದ್ದು ನಿಂತು, "ವರದ ಪದ್ಯ ಉಳೀತೋ, ವರದ ಪದ್ಯ" ಅನ್ನುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಕಾಮ ಬೂದಿಯಿಂದ ಎದ್ದು ಬರಬೇಕಾದವನು, ವಿಭೂತಿ ಹಚ್ಚಿಕೊಳ್ಳುವುದನ್ನೂ ಮರೆತು ಓಡಿಬಂದು ವಸಂತನ ಕೈ ಹಿಡಿದ. ನಾನು ಮಂಗಳಾರತಿ ಹಾಡಿಸಿಬಿಟ್ಟೆ. ಇನ್ನೇನೂ ಮಾಡಲು ತೋಚಲಿಲ್ಲ.

ಜನ ಬಯಲಿಗೆ ಹೋದರು. ನಮ್ಮ ಹಳೆಯ ಕೈಲಾಸಕ್ಕೆ ಬೆಂಕಿ ಹತ್ತಿತು, ಹುಡುಗರು ಹೋಳಿಯ ಪದ್ಧತಿಯಂತೆ ಬಾಯಿ ಬಡಿದುಕೊಳ್ಳತೊಡಗಿದರು. ಅತ್ತೆಯವರು ಮಾತ್ರ ಚಾಪೆ ಬಿಟ್ಟು ಕದಲಲಿಲ್ಲ. ವಸಂತನನ್ನು ಕೈಮಾಡಿ ಕರೆದರು. ಅವನು ತಲೆ ತಗ್ಗಿಸಿ ಬಂದ.

"ಯವ್ವಾ, ಸೀರಿ ಒಗದು, ಇಸ್ತ್ರಿ ಮಾಡಿ ವಾಪಸ್ ಕೊಡ್ತೀನಿ ರಿ."

"ಸಣ್ಣ ಸೊಸಿಗಂತ ಇಟ್ಟ ಸೀರಿ ಅದು. ಯುಗಾದಿಯೊಳಗ ಯಾರರೇ ಉಡಬೇಕು ಅಂದಿದ್ದೆ. ಉಟ್ಟೀ. ವಾಪಸ್ ಯಾಕ?"

"ನಾಳಿಗೆ ನಾ ಸೋಲಾಪುರಕ್ಕ..."

"ನಿನ್ನ ಟ್ರಂಕಿಗೆ ಕಟ್ಟಿದ ಹಗ್ಗ ಬಿಚ್ಚಿ ತಂದು ಅಂಗಳದಾಗ ಕಟ್ಟು. ಸೀರಿ ಒಣಹಾಕಾಕ ಬೇಕು."

ಅವನು ನನ್ನ ಕಡೆ ನೋಡಿದ, ಮೈದುನನ ಕಡೆ ನೋಡಿದ. ಆಮೇಲೆ ಕೈ ತನ್ನಷ್ಟಕ್ಕೆ ಮೇಲ್ದುಟಿಗೆ ಹೋಯಿತು.

"ಹಂಗಿದ್ರ ಯವ್ವಾ... ಈ ಮೀಸಿ ತಗೀಲೇನು ರಿ?"

ಅತ್ತೆಯವರು ಅವನನ್ನು ಕಾಲಿನಿಂದ ತಲೆಯವರೆಗೆ, ಮತ್ತೆ ತಲೆಯಿಂದ ಕಾಲಿನವರೆಗೆ ನೋಡಿದರು.

"ಮೀಸಿ ಇರಲಿ, ಒಪ್ತದ. ನಿರಿಗಿ ಮಾತ್ರ ನೋಡಾಕ ಆಗವಲ್ದು. ಮುಂಜಾನೆ ಬಾ, ಕಲಸ್ತೀನಿ."